ಮಗನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು: ನಮ್ಮ ಲೆಕ್ಕ ಹೀಗಿತ್ತು

ಈ ವಾರ ತೋಟದ ಸುದ್ದಿ ಕಮ್ಮಿ. ಕೆರೆ ಕಡೆ ಸಾಲಲ್ಲಿ ಕಪ್ಪುತಲೆ ಹುಳು ಇನ್ನೂ ಇದೆ. ಗೋನಿಯೋಜಸ್ ಪರೋಪಜೀವಿ ಬಿಟ್ಟು ಹದಿನೈದು ದಿನ ಆಯ್ತು, ಫಲ ಕಾಣೋಕೆ ಇನ್ನೂ ಟೈಮು ಬೇಕು. ಹೊಸ ಸುಳಿ ನೋಡ್ಕೊಂಡು ಮುಂದಿನ ವಾರ ಬರೀತೀನಿ.

ಇವತ್ತು ಬೇರೆ ವಿಷಯ. ಮಗನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ತಂದಿದ್ದು ಊರಲ್ಲಿ ದೊಡ್ಡ ಸುದ್ದಿಯಾಗಿಬಿಟ್ಟಿದೆ. ಕೊಬ್ಬರಿಗೆ ರೇಟು ಬಂತು ಅಂತ ಮೂವತ್ತು ಸಾವಿರ ತಗೊಂಡೋಗಿ ಆಟಕ್ಕೆ ಸುರಿದ ಅಂತ ಡೇರಿ ಹತ್ರ ಮಾತು. ಅನ್ನೋರು ಅನ್ಲಿ. ಆದ್ರೆ ಇಬ್ಬರು ಮೂವರು ಫೋನ್ ಮಾಡಿ, "ನಮ್ಮ ಹುಡುಗನೂ ಇದನ್ನೇ ಕೇಳ್ತಿದಾನೆ, ನೀವು ಯಾವ್ದು ತಗೊಂಡ್ರಿ, ಯಾಕೆ ತಗೊಂಡ್ರಿ" ಅಂತ ಕೇಳಿದಾರೆ. ಅವರಿಗಾಗಿ ಇದನ್ನ ಉದ್ದಕ್ಕೇ ಬರೀತಿದೀನಿ.

ಮೊದಲು ದುಡ್ಡಿನ ಮಾತು ಮುಗಿಸ್ತೀನಿ. ಮಗ ತುಮಕೂರಲ್ಲಿ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯ್ತು. ಅವನ ಜೊತೆಯ ಹುಡುಗರು ಯಾರೂ ಊರಲ್ಲಿಲ್ಲ. ಒಬ್ಬ ಪೀಣ್ಯ, ಇಬ್ಬರು ಬಿಡದಿ, ಒಬ್ಬ ಹೊಸೂರು. ಇವನೊಬ್ಬ "ನಾನು ತೋಟ ನೋಡ್ಕೋತೀನಪ್ಪ" ಅಂತ ಉಳ್ಕೊಂಡ. ಡ್ರಿಪ್ ಫಿಲ್ಟರ್ ತೊಳೆಯೋದು, ಗೊಬ್ಬರ, ಹಸು, ಅಟ್ಟದಿಂದ ಕಾಯಿ ಇಳಿಸೋದು, ಸುಲಿಯೋದು ಎಲ್ಲದಕ್ಕೂ ನಿಲ್ತಾನೆ. ಈ ಸಲ ಸುಲಿಯೋ ಕಾಲದಲ್ಲಿ ಆಳು ಸಿಗದೇ ಇದ್ದಾಗ ಐವತ್ತು ದಿನ ಕೆಲಸ ಮಾಡಿದಾನೆ. ದಿನಕ್ಕೆ 600 ರೂಪಾಯಿ ಹಿಡಿದ್ರೂ 30,000 ಆಯ್ತು. ಹೊರಗಿನ ಆಳಾಗಿದ್ರೆ ಶನಿವಾರ ಸಂಜೆ ಎಣಿಸಿ ಕೊಡ್ತಿದ್ದೆ. ಮಗ ಅಂತ ಕೊಟ್ಟಿಲ್ಲ, ಅವನೂ ಕೇಳಿಲ್ಲ. ಕೇಳಿದ್ದು ಇದೊಂದನ್ನೇ. ಹಾಗಾಗಿ ಬಜೆಟ್ಟು ನಾನೇನೂ ಹೊಸದಾಗಿ ಕಟ್ಟಲಿಲ್ಲ, ಅವನ ಕೂಲಿನೇ ಬಜೆಟ್ಟು.

"ವಿಡಿಯೋ ಎಡಿಟಿಂಗ್ ಕಲೀತಾನೆ, ಅದಕ್ಕೆ ಬೇಕು" ಅಂತ ನೆವ ಹೇಳಬಹುದಿತ್ತು. ಹೇಳಲ್ಲ. ಆಟಕ್ಕೇ. ರಾತ್ರಿ ಒಂಬತ್ತಕ್ಕೆ ಊಟ ಮುಗಿದ ಮೇಲೆ ಎರಡು ಗಂಟೆ ಕೂರ್ತಾನೆ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಅದೇ ಪೀಣ್ಯದವನು, ಬಿಡದಿಯವನ ಜೊತೆ ಮಾತಾಡ್ತಾ ಆಡ್ತಾನೆ. ಊರಲ್ಲಿ ಅವನ ವಯಸ್ಸಿನವನ ಜೊತೆ ಮಾತಾಡೋಕೆ ಇರೋ ಜಾಗ ಅದೊಂದೇ. ಅವರೆಲ್ಲ ಹೊಸ ಆಟಕ್ಕೆ ಹೋದ್ರು, ಇವನ ಮಿಷನ್ನು ಏಳಲಿಲ್ಲ. ಒಂದು ತಿಂಗಳು ಸುಮ್ನೆ ಮೊಬೈಲ್ ನೋಡ್ಕೊಂಡು ಮಲಗ್ತಿದ್ದ. ಆ ತಿಂಗಳಲ್ಲೇ ಒಂದಿನ, "ಹೊಸೂರಲ್ಲಿ ಒಂದು ಜಾಗ ಖಾಲಿ ಇದೆಯಂತೆ" ಅಂತ ಅವರಮ್ಮನ ಹತ್ರ ಅಂದಿದಾನೆ. ನಮ್ಮವಳು ನನಗೆ ಹೇಳಿದ್ದು ಎರಡು ದಿನ ಬಿಟ್ಟು.

ಸರಿ, ಈಗ ಸಾಮಾನಿನ ವಿಷಯ.

ನಮ್ಮದು 2020ರಲ್ಲಿ ಆನ್‌ಲೈನ್ ಕ್ಲಾಸು ಅಂತ ಜೋಡಿಸಿದ ಮಿಷನ್ನು. ರೈಜನ್ 5 3600 ಪ್ರೊಸೆಸರ್, ಬಿ450 ಬೋರ್ಡು, 16 ಜಿಬಿ ರ್‍ಯಾಮ್, 450 ವ್ಯಾಟಿನ ಒಂದು ಅಗ್ಗದ ಪವರ್ ಸಪ್ಲೈ, ಜಿಟಿಎಕ್ಸ್ 1050 ಟಿಐ ಕಾರ್ಡು. ಈ 1050 ಟಿಐ 2016ರ ಮಾಲು, 4 ಜಿಬಿ. ಪಾಪ, ಅದರ ಕಾಲಕ್ಕೆ ಚೆನ್ನಾಗೇ ದುಡಿದಿದೆ. ಮಾನಿಟರು 1080ಪಿ, 75 ಹರ್ಟ್ಜ್.

ಗ್ರಾಫಿಕ್ಸ್ ಕಾರ್ಡು ಏನು ಮಾಡುತ್ತೆ ಅಂತ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ. ನಮ್ಮ ಕಾಯಿ ಕೆಲಸ ಇದೆಯಲ್ಲ, ಒಬ್ಬ ಮಟ್ಟೆ ಸುಲಿದು ಎಸೀತಾನೆ, ಇನ್ನೊಬ್ಬ ಚಿಪ್ಪು ಒಡೆದು ಕೊಬ್ಬರಿ ತೆಗೀತಾನೆ. ಪ್ರೊಸೆಸರ್ ಸುಲಿಯೋನು, ಗ್ರಾಫಿಕ್ಸ್ ಕಾರ್ಡು ಒಡೆಯೋನು. ಸೆಕೆಂಡಿಗೆ ಎಷ್ಟು ಚಿತ್ರ ಹೊರಗೆ ಬಿತ್ತು ಅನ್ನೋದೇ ಎಫ್‌ಪಿಎಸ್. ಸುಲಿಯೋನು ನಿಧಾನ ಇದ್ದು ಒಡೆಯೋಕೆ ನಾಲ್ಕು ಆಳು ಹಾಕಿದ್ರೆ ನಾಲ್ಕೂ ಜನ ಬೀಡಿ ಸೇದ್ತಾ ಕೂರ್ತಾರೆ. ಕಂಪ್ಯೂಟರಲ್ಲೂ ಇದೇ. ಹಳೇ ಪ್ರೊಸೆಸರಿಗೆ ಲಕ್ಷದ ಕಾರ್ಡು ಹಾಕಿದ್ರೆ ಕಾರ್ಡು ಖಾಲಿ ಕೂರುತ್ತೆ. ಎಲ್ಲಿ ತಡ ಆಗ್ತಿದೆ ಅಂತ ನೋಡೋಕೆ ದೊಡ್ಡ ವಿದ್ಯೆ ಬೇಡ. ಆಟ ಓಡ್ತಿರುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದ್ರೆ ಎರಡರ ಬಳಕೆನೂ ಕಾಣುತ್ತೆ. ನಮ್ಮದರಲ್ಲಿ ಕಾರ್ಡು ಶೇ 99ರಲ್ಲಿ ಒದ್ದಾಡ್ತಿತ್ತು, ಪ್ರೊಸೆಸರ್ ಶೇ 40 ದಾಟ್ತಿರಲಿಲ್ಲ. ಅಂದ್ರೆ ಒಡೆಯೋನೇ ಸಾಲದು. ಪ್ರೊಸೆಸರಿನ ಸುದ್ದಿಗೆ ಹೋಗೋದು ಬೇಡ ಅಂತ ಅಲ್ಲೇ ತೀರ್ಮಾನ ಆಯ್ತು. ಮುಂದೆ ಬೇಕಾದ್ರೆ ಇದೇ ಬೋರ್ಡಿಗೆ ರೈಜನ್ 5 5600 ಕೂರುತ್ತೆ, ಬಯಾಸ್ ಅಪ್‌ಡೇಟ್ ಮಾಡ್ಕೋಬೇಕು ಅಷ್ಟೇ.

ಇನ್ನೊಂದು, ಮಾನಿಟರ್. ಎರಡಿಂಚು ಪೈಪಿಗೆ ಹತ್ತು ಎಚ್‌ಪಿ ಮೋಟ್ರು ಇಳಿಸಿದ ಹಾಗೆ ಮಾಡೋರು ಇದಾರೆ. 75 ಹರ್ಟ್ಜ್ ಮಾನಿಟರು ಸೆಕೆಂಡಿಗೆ 75 ಚಿತ್ರ ಮಾತ್ರ ತೋರಿಸುತ್ತೆ, ಕಾರ್ಡು 200 ಕೊಟ್ರೂ ಅಷ್ಟೇ. 1080ಪಿ ಅಂದ್ರೆ ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಚುಕ್ಕಿ. ಅದೇ 1440ಪಿ ಮಾನಿಟರಾದ್ರೆ 36.9 ಲಕ್ಷ. ಹೆಚ್ಚುಕಮ್ಮಿ ಒಂದೂಮುಕ್ಕಾಲು ಪಟ್ಟು ಕೆಲಸ. ನಮ್ಮದು 1080ಪಿ, ಅದನ್ನ ಬದಲಾಯಿಸೋ ಯೋಚನೆ ಇಲ್ಲ. ಹಾಗಾಗಿ ಅಂಗಡಿಯವನು ತೋರಿಸಿದ ಐವತ್ತು, ಅರವತ್ತು ಸಾವಿರದ ಕಾರ್ಡುಗಳ ಕಡೆ ನಾವು ತಿರುಗಿಯೂ ನೋಡಲಿಲ್ಲ.

ನನಗೆ ನಿಜವಾಗಿ ತಲೆ ಕೆಟ್ಟಿದ್ದು ಕರೆಂಟಿನ ವಿಷಯದಲ್ಲಿ. ಯೂಟ್ಯೂಬಿನಲ್ಲಿ ಕಾರ್ಡು ಪರೀಕ್ಷೆ ಮಾಡೋರು ಯಾರೂ ನಮ್ಮ ತೋಟದ ಮನೆ ವೋಲ್ಟೇಜಲ್ಲಿ ಪರೀಕ್ಷೆ ಮಾಡಲ್ಲ. ಸಂಜೆ ಏಳರಿಂದ ಹತ್ತು ನಮ್ಮಲ್ಲಿ 180 ಇದ್ರೆ ಪುಣ್ಯ, ಬೇಸಿಗೇಲಿ 165ಕ್ಕೆ ಇಳಿದಿದ್ದೂ ನೋಡಿದೀನಿ. ಹುಡುಗ ಆಡೋದು ಅದೇ ಹೊತ್ತಲ್ಲಿ.

ಬೋರ್ಡಿನ ಸ್ಲಾಟಿನಿಂದ ಕಾರ್ಡಿಗೆ 75 ವ್ಯಾಟ್ ಸಿಗುತ್ತೆ. 1050 ಟಿಐ ಅಷ್ಟರಲ್ಲೇ ಓಡುತ್ತೆ, ನಮ್ಮದಕ್ಕೆ ಬೇರೆ ವೈರು ಬೇಕಿರಲಿಲ್ಲ. ಅದಕ್ಕಿಂತ ಜಾಸ್ತಿ ಎಳೆಯೋ ಕಾರ್ಡಿಗೆ ಪವರ್ ಸಪ್ಲೈನಿಂದ ನೇರ ವೈರು ಕೊಡಬೇಕು. ಆರು ಪಿನ್ನಿನದು 75 ವ್ಯಾಟಿಗೆ, ಎಂಟು ಪಿನ್ನಿನದು 150 ವ್ಯಾಟಿಗೆ. ನಮ್ಮ ಹಳೇ ಸಪ್ಲೈ ಬಿಚ್ಚಿ ನೋಡಿದ್ರೆ ಒಂದೇ ಒಂದು ಆರು ಪಿನ್ನು. ಅದಕ್ಕಿಂತ ಮುಖ್ಯ, ಪಕ್ಕದ ಸ್ಟಿಕ್ಕರಲ್ಲಿ ಇನ್‌ಪುಟ್ 200ರಿಂದ 240 ವೋಲ್ಟ್ ಅಂತ ಬರೆದಿತ್ತು. ಇದನ್ನ ದಯವಿಟ್ಟು ನಿಮ್ಮನೇಲೂ ನೋಡಿ. ಕೆಲವು ಸಪ್ಲೈ 200ರ ಕೆಳಗೆ ಕೆಲಸ ಮಾಡೋಕೆ ಮಾಡಿದ್ದೇ ಅಲ್ಲ. ಇನ್ನು ಕೆಲವು 100ರಿಂದ 240ರ ತನಕ ತಡ್ಕೋತವೆ. ನಮ್ಮಂಥ ಕಡೆ ಎರಡನೇದೇ ಬೇಕು. ಇದುವರೆಗೆ ನಮ್ಮ ಮಿಷನ್ನು ಸಂಜೆ ಹೊತ್ತು ಪಟಕ್ ಅಂತ ಆಫ್ ಆಗ್ತಿದ್ದಿದ್ದು ಯಾಕೆ ಅಂತ ಆ ಸ್ಟಿಕ್ಕರು ನೋಡಿದ ಮೇಲೆ ಗೊತ್ತಾಯ್ತು.

ವೋಲ್ಟೇಜು ಇಳಿದ್ರೆ ಆಂಪ್ಸ್ ಏರುತ್ತೆ ಅನ್ನೋದು ಮೋಟ್ರು ಸುಟ್ಕೊಂಡಿರೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲೂ ಹಾಗೇ. 350 ವ್ಯಾಟ್ ಎಳೆಯೋ ಕಂಪ್ಯೂಟರು 230ರಲ್ಲಿ ಒಂದೂವರೆ ಆಂಪ್ಸ್ ತಗೊಂಡ್ರೆ 170ರಲ್ಲಿ ಎರಡು ಆಂಪ್ಸ್ ದಾಟುತ್ತೆ. ಹಾಗಾಗಿ ಸಪ್ಲೈ ದೊಡ್ಡದಿರಲಿ ಅಂತ 550 ವ್ಯಾಟಿನದು, 80 ಪ್ಲಸ್ ಬ್ರಾಂಜ್ ಗುರುತಿನದು, ಎಂಟು ಪಿನ್ನಿನ ವೈರು ಇರೋದು ತಗೊಂಡ್ವಿ. 4,700 ರೂಪಾಯಿ. ಮಗ ಮೊದಲು ಮುಖ ಸಣ್ಣ ಮಾಡ್ಕೊಂಡ, "ಅಪ್ಪ, ಆ ದುಡ್ಡು ಕಾರ್ಡಿಗೇ ಹಾಕಿದ್ರೆ ಇನ್ನೊಂದು ಮೆಟ್ಟಿಲು ಮೇಲಿಂದು ಬರುತ್ತೆ" ಅಂತ. ನಾನಂದೆ, "ಮಗಾ, ಕೇಬಲ್ಲು ಸರಿ ಇಲ್ದೆ ಹೊಸ ಮೋಟ್ರು ಇಳಿಸೋರನ್ನ ನೀನು ಬೈತೀಯಲ್ಲ, ಈಗ ನೀನೇ ಹೇಳು." ಸುಮ್ನಾದ.

ಅರ್ಥಿಂಗು ಕೂಡ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಅಂತ ಒಬ್ಬರು ನಗ್ತಾ ಹೇಳಿದ್ರು. ಅದು ನಗೋ ವಿಷಯ ಅಲ್ಲ. ನಮ್ಮಲ್ಲಿ ಮನೆ ಹಿಂದೆ ಹೊಸದಾಗಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ ಅರ್ಥ್ ಮಾಡಿಸಿದ್ವಿ. ಕಂಬದಲ್ಲಿ ನ್ಯೂಟ್ರಲ್ ಕಿತ್ತೋದ್ರೆ ಮನೆಗೆ ಬರೋ ವೋಲ್ಟೇಜು ಎಷ್ಟಕ್ಕೆ ಏರುತ್ತೆ ಅಂತ ಟಿವಿ ಫ್ರಿಜ್ಜು ಕಳ್ಕೊಂಡವರಿಗೆ ಗೊತ್ತು. ಮೆಯಿನ್ ಬೋರ್ಡಲ್ಲಿ ಹೈ-ಲೋ ಕಟ್ ಆಫ್ ಕೂಡ ಹಾಕಿಸಿದೀನಿ. ಇದು ಕಾರ್ಡಿನ ಬಜೆಟ್ಟಿಗೆ ಸೇರಿಲ್ಲ, ಮನೆ ಖರ್ಚು.

ಯುಪಿಎಸ್ ಬಗ್ಗೆ ಒಂದೇ ಮಾತು. ಮನೆ ಇನ್ವರ್ಟರಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ಚು ಇರುತ್ತೆ. ಯುಪಿಎಸ್ ಮೋಡಲ್ಲಿದ್ರೆ ಕರೆಂಟು ಹೋದಾಗ ಬೇಗ ಬದಲಾಗುತ್ತೆ, ಕಂಪ್ಯೂಟರು ಆಫ್ ಆಗಲ್ಲ. ಆದ್ರೆ ವೋಲ್ಟೇಜು 180ರ ಆಸುಪಾಸಿಗೆ ಇಳಿದ್ರೇ ಅದು ಬ್ಯಾಟರಿಗೆ ಹಾರಿಬಿಡುತ್ತೆ. ಸೈನ್ ವೇವ್ ಇನ್ವರ್ಟರ್ ಆದ್ರೆ ಒಳ್ಳೇದು, ಸ್ಕ್ವೇರ್ ವೇವಿನದ್ದರಲ್ಲಿ ಹೊಸ ಸಪ್ಲೈಗಳು ಕೆಲವೊಮ್ಮೆ ತಕರಾರು ಮಾಡ್ತವೆ. ನಮ್ಮನೇಲಿ ಕಾನೂನು ಏನಂದ್ರೆ, ಕರೆಂಟು ಹೋದ್ರೆ ಸೇವ್ ಮಾಡು, ಆಫ್ ಮಾಡು. ಬ್ಯಾಟರಿ ಇರೋದು ದೀಪಕ್ಕೆ, ಅವರಮ್ಮನ ಮಿಕ್ಸಿಗೂ ಅಲ್ಲ, ಇವನ ಆಟಕ್ಕೂ ಅಲ್ಲ.

ಇನ್ನು ಕಾರ್ಡು. ಎಸ್‌ಪಿ ರೋಡಲ್ಲಿ ನಾಲ್ಕು ಅಂಗಡಿ ಸುತ್ತಿದ್ವಿ. ತಿಪಟೂರಿಂದ ಬೆಳಗಿನ ರೈಲಿಗೆ ಹೋದ್ರೆ ಕೆಲಸ ಮುಗಿಸ್ಕೊಂಡು ಸಂಜೆ ವಾಪಸ್ ಬರಬಹುದು, ಮೆಜೆಸ್ಟಿಕ್ಕಿನಿಂದ ದೂರ ಏನಿಲ್ಲ. ನಮ್ಮ ಮುಂದೆ ಉಳಿದಿದ್ದು ಐದು.

ಆರ್‌ಟಿಎಕ್ಸ್ 3050, 6 ಜಿಬಿಯದು. ಬರೀ 70 ವ್ಯಾಟ್, ಹೊಸ ಸಪ್ಲೈಯೇ ಬೇಡ. ಇದು ಮೊದಲು ನನ್ನ ಮನಸ್ಸಿಗೆ ಬಂದಿದ್ದು. ಆದ್ರೆ ಸ್ವಲ್ಪ ದುಡ್ಡು ಸೇರಿಸಿದ್ರೆ ಇದಕ್ಕಿಂತ ಬಹಳ ಬಲವಾದ ಆರ್‌ಎಕ್ಸ್ 6600 ಬರುತ್ತೆ. ಜೊತೆಗೆ ಒಂದು ಎಚ್ಚರಿಕೆ: ಇದೇ 3050 ಹೆಸರಲ್ಲಿ 8 ಜಿಬಿಯದು ಬೇರೆ ಇದೆ, ಅದು 130 ವ್ಯಾಟಿನದು, ಬಲವೂ ಬೇರೆ. 3060ರಲ್ಲೂ 8 ಜಿಬಿಯದು ಬೇರೆ, 12 ಜಿಬಿಯದು ಬೇರೆ, ಮೆಮೊರಿ ಎಷ್ಟಿದೆ ಅನ್ನೋದು ಬಿಟ್ಟು ಅದರ ವೇಗವೂ ಬೇರೆ. ಒಂದೇ ಹೆಸರಿನ ಪ್ಯಾಕೆಟ್ಟಲ್ಲಿ ಬೇರೆ ಬೀಜ. ಡಬ್ಬದ ಮೇಲಿನ ದೊಡ್ಡ ಅಕ್ಷರ ನೋಡಿ ತರಬೇಡಿ.

ಆರ್‌ಎಕ್ಸ್ 6600, 8 ಜಿಬಿ, 132 ವ್ಯಾಟ್. ನಮಗೆ ಹೇಳಿದ್ದು 20,500. ಆರ್‌ಟಿಎಕ್ಸ್ 4060, 8 ಜಿಬಿ, 115 ವ್ಯಾಟ್ ಮಾತ್ರ, 28,000ದ ಮೇಲೆ. ಇಂಟೆಲ್ಲಿನ ಆರ್ಕ್ ಬಿ580, 12 ಜಿಬಿ, 190 ವ್ಯಾಟ್. ಆರ್‌ಟಿಎಕ್ಸ್ 3060, 12 ಜಿಬಿ, 170 ವ್ಯಾಟ್, 24,800.

ಇಂಟೆಲ್ಲಿಂದು ಬೇಗ ಬಿಟ್ವಿ. ಅದಕ್ಕೆ ಬಯಾಸಲ್ಲಿ ರೀಸೈಜಬಲ್ ಬಾರ್ ಅನ್ನೋದು ಆನ್ ಇರಲೇಬೇಕು, ಜೊತೆಗೆ ಹಳೇ ಪ್ರೊಸೆಸರ್ ಜೊತೆ ಹಾಕಿದ್ರೆ ಅದರ ಬಲ ಇಳಿಯುತ್ತೆ ಅಂತ ಪರೀಕ್ಷೆ ಮಾಡಿದವರು ತೋರಿಸಿದಾರೆ. ಹೊಸ ಮಿಷನ್ನು ಕಟ್ಟೋರಿಗೆ ಒಳ್ಳೇದಿರಬಹುದು, ನಮಗಲ್ಲ.

ಉಳಿದ ಮೂರರಲ್ಲಿ ನಾನೂ ಮಗನೂ ಎರಡು ದಿನ ಜಗಳ ಆಡಿದ್ವಿ. ವಿಚಿತ್ರ ಅಂದ್ರೆ ಕಮ್ಮಿ ಕರೆಂಟಿನ 4060 ಬೇಕು ಅಂತ ನಾನು, ಅಗ್ಗದ 12 ಜಿಬಿ ಸಾಕು ಅಂತ ಅವನು. ಸಾಮಾನ್ಯ ಉಲ್ಟಾ ಇರುತ್ತೆ.

ಅವನು ಹೇಳಿದ್ದು ಹೀಗೆ. ಕಾರ್ಡಿನ ಮೆಮೊರಿ ಅಂದ್ರೆ ಕಣ ಇದ್ದ ಹಾಗೆ. ಆಟದ ಗಿಡ, ಮನೆ, ರಸ್ತೆ, ಜನ ಎಲ್ಲದರ ಚಿತ್ರ ಆ ಕಣಕ್ಕೆ ಬಂದು ಬೀಳಬೇಕು. ಕಣ ಸಣ್ಣದಾದ್ರೆ ಮಿಕ್ಕಿದ ಮಾಲು ಊರಾಚೆ, ಅಂದ್ರೆ ಕಂಪ್ಯೂಟರಿನ ರ್‍ಯಾಮಲ್ಲಿ ಇಳಿಸಿ, ಬೇಕಾದಾಗಲೆಲ್ಲ ಹೊತ್ತು ತರಬೇಕು. ಆಗಲೇ ಆಟ ತಟಕ್ ತಟಕ್ ಅಂತ ನಿಂತು ನಿಂತು ಓಡೋದು. ಹೊತ್ತು ತರೋ ದಾರಿ ಪಿಸಿಐ ಎಕ್ಸ್‌ಪ್ರೆಸ್. 6600 ಮತ್ತು 4060 ಎಂಟೇ ಲೇನಿನ ಕಾರ್ಡುಗಳು. ಹೊಸ ಬೋರ್ಡಲ್ಲಿ ಒಂದೊಂದು ಲೇನೂ ವೇಗ, ತೊಂದರೆ ಇಲ್ಲ. ನಮ್ಮ ಬಿ450 ಹಳೇ ಮೂರನೇ ತಲೆಮಾರು, ಅಲ್ಲಿ ದಾರಿಯ ವೇಗ ಅರ್ಧಕ್ಕರ್ಧ. ಸಣ್ಣ ಕಣ, ಅದಕ್ಕೆ ಓಣಿಯಂಥ ದಾರಿ. 3060ಗೆ ಹದಿನಾರು ಲೇನು, ಕಣವೂ ದೊಡ್ಡದು.

ಇವತ್ತಿನ ಆಟದಲ್ಲಿ 4060 ಮುಂದೆ, ಅದು ಖರೆ. ಎನ್‌ವಿಡಿಯಾದವರ ಡಿಎಲ್‌ಎಸ್‌ಎಸ್ ಎರಡರಲ್ಲೂ ಇದೆ, ಅಂದ್ರೆ ಚಿತ್ರವನ್ನ ಸಣ್ಣದಾಗಿ ಬರೆದು ದೊಡ್ಡದಾಗಿ ಹಿಗ್ಗಿಸೋ ಉಪಾಯ. ಎರಡು ಚಿತ್ರದ ಮಧ್ಯೆ ಒಂದು ಹೊಸ ಚಿತ್ರ ತಾನೇ ಹುಟ್ಟಿಸೋ ಫ್ರೇಮ್ ಜನರೇಷನ್ನು ಮಾತ್ರ ಎನ್‌ವಿಡಿಯಾದ್ದು 4060ರಿಂದಾಚೆಗೆ. ನನ್ನ ಪ್ರಕಾರ ಅದು ಹಾಲಿಗೆ ನೀರು ಬೆರೆಸಿ ಅಳತೆ ತೋರಿಸಿದ ಹಾಗೆ. ಮಗ ಒಪ್ಪಲ್ಲ, ಇರಲಿ.

ಕೊನೆಗೆ ನಾನು ಸೋತಿದ್ದು ಒಂದೇ ಮಾತಿಗೆ. "ಅಪ್ಪ, ಇದಾದ ಮೇಲೆ 2030ರ ತನಕ ನಾನು ಇನ್ನೊಂದು ಕೇಳಲ್ಲ. ತೆಂಗಿನ ಸಸಿ ಇಡುವಾಗ ಮೂವತ್ತು ಅಡಿ ಬಿಡ್ತೀಯಲ್ಲ, ಸಸಿ ಎರಡಡಿ ಇರುತ್ತೆ." ನನ್ನ ಮಾತು ನನಗೇ ತಿರುಗಿಸಿ ಕೊಟ್ಟ. ಅವನು 2030ರ ತನಕ ಅಂದಿದ್ದು ನನ್ನ ಕಿವಿಗೆ ಬೇರೆ ಥರಾನೂ ಬಿತ್ತು. ಬಾಯಿಬಿಟ್ಟು ಏನೂ ಕೇಳಲಿಲ್ಲ. 3060, 12 ಜಿಬಿಯದು ಹಾಕಿಸ್ಕೊಂಡು ಬಂದ್ವಿ. ಸಪ್ಲೈ ಸೇರಿ 29,500. ಜಿಎಸ್‌ಟಿ ಶೇ 18 ಇದರೊಳಗೇ. ಟ್ರ್ಯಾಕ್ಟರಿಗೆ 2025ರ ಸೆಪ್ಟೆಂಬರಿಂದ ಶೇ 5ಕ್ಕೆ ಇಳಿಸಿದಾರೆ, ಕಾರ್ಡಿಗೆ ಇಳಿಸಿಲ್ಲ.

ಕರೆಂಟು ಲೆಕ್ಕ ಕೇಳೋರಿಗೆ: ಕಾರ್ಡು 170, ಪ್ರೊಸೆಸರು, ಬೋರ್ಡು, ಮಾನಿಟರು, ಸಪ್ಲೈಯಲ್ಲಿ ಬಿಸಿಯಾಗಿ ಹೋಗೋದು ಎಲ್ಲ ಸೇರಿ 350 ವ್ಯಾಟ್ ಹಿಡೀರಿ. ದಿನಕ್ಕೆ ಎರಡು ಗಂಟೆ ಅಂದ್ರೆ ತಿಂಗಳಿಗೆ 21 ಯೂನಿಟ್. ಏಳೂವರೆ ಎಚ್‌ಪಿ ಮೋಟ್ರು ಒಂದು ಗಂಟೆ ಓಡೋ ಕರೆಂಟಲ್ಲಿ ಇವನು ಹದಿನಾರು ಗಂಟೆ ಆಡಬಹುದು. ಆದ್ರೆ ಗೃಹಜ್ಯೋತಿ ಇರೋರು ನೋಡ್ಕೊಳ್ಳಿ, ನಿಮ್ಮ ಹಳೇ ಸರಾಸರಿ ಮೇಲೆ ಸ್ವಲ್ಪ ಅಷ್ಟೇ ಬಿಟ್ಟಿರೋದು, ಅಂಚಲ್ಲಿದ್ರೆ ಬಿಲ್ಲು ಬರುತ್ತೆ. ಆಟದ ಸೆಟ್ಟಿಂಗಲ್ಲಿ ಎಫ್‌ಪಿಎಸ್ ಅನ್ನು 75ಕ್ಕೆ ಕಟ್ಟಿ ಹಾಕಿದೀವಿ. ವಾಲ್ವು ಅರ್ಧ ತಿರುಗಿಸಿದ ಹಾಗೆ, ಕಾರ್ಡು ತಣ್ಣಗಿರುತ್ತೆ, ಫ್ಯಾನಿನ ಸದ್ದೂ ಕಮ್ಮಿ.

ಸೆಕೆಂಡ್ ಹ್ಯಾಂಡ್ ಯಾಕೆ ತಗೊಳ್ಳಲಿಲ್ಲ ಅಂತ ಕೇಳಿದ್ರು ಒಬ್ಬರು. ಅರ್ಧ ಬೆಲೆಗೆ ಸಿಗುತ್ತೆ, ನಿಜ. ದನದ ಜಾತ್ರೇಲಿ ಹಲ್ಲು ನೋಡಿ ವಯಸ್ಸು ಹೇಳಬಹುದು, ಕಾರ್ಡಿಗೆ ಹಲ್ಲಿಲ್ಲ. 2021ರ ಸುಮಾರಿಗೆ ಈಥೀರಿಯಂ ನಾಣ್ಯದ ಗಣಿಗಾರಿಕೆ ಅಂತ ಹಗಲು ರಾತ್ರಿ ಓಡಿಸಿದ ಕಾರ್ಡುಗಳು, 2022ರ ಸೆಪ್ಟೆಂಬರಲ್ಲಿ ಆ ಗಣಿಗಾರಿಕೆ ನಿಂತ ಮೇಲೆ ಸಂತೆಗೆ ಬಂದ್ವು. ಅದರಲ್ಲಿ ಒಳ್ಳೇದೂ ಇರುತ್ತೆ. ತಗೊಳ್ಳೋದೇ ಆದ್ರೆ ಎದುರಿಗೆ ಹಾಕಿಸಿ, ಅರ್ಧ ಗಂಟೆ ಭಾರದಲ್ಲಿ ಓಡಿಸಿ, ಫ್ಯಾನು ಅಲ್ಲಾಡುತ್ತಾ ನೋಡಿ, ಸ್ಕ್ರೂ ಬಿಚ್ಚಿದ ಗುರುತಿದೆಯಾ ನೋಡಿ. ಜಿಪಿಯು-ಝಡ್ ಅನ್ನೋ ಬಿಟ್ಟಿ ಸಾಫ್ಟ್‌ವೇರ್ ಹಾಕಿ. ಹಳೇ ಕಾರ್ಡಿಗೆ ಹೊಸ ಹೆಸರು ಬರೆದು ಮಾರೋ ಕಳ್ಳಮಾಲು ಎಷ್ಟೋ ಸಲ ಅದರಲ್ಲಿ ಸಿಕ್ಕಿಬೀಳುತ್ತೆ. ನಮಗೆ ಬೆಂಗಳೂರಿಗೆ ಪದೇ ಪದೇ ಓಡಾಡೋಕಾಗಲ್ಲ, ಮೂರು ವರ್ಷ ವಾರಂಟಿಯ ಬಿಲ್ಲು ಇರಲಿ ಅಂತ ಹೊಸದೇ ತಗೊಂಡ್ವಿ. ಬಿಲ್ಲಲ್ಲಿ ಸೀರಿಯಲ್ ನಂಬರು ಬರೆಸ್ಕೊಳ್ಳೋದು ಮರೀಬೇಡಿ.

ಕ್ಯಾಬಿನೆಟ್ಟಿನ ಒಳಗೆ ಟೇಪು ಹಿಡಿದು ಉದ್ದ ಅಳೆದುಕೊಂಡೇ ಹೋಗಿ. ಎರಡು ಫ್ಯಾನಿನದು ಕೂತ ಕಡೆ ಮೂರು ಫ್ಯಾನಿನದು ಕೂರದೇ ಇರಬಹುದು. ಕೂರಿಸೋದು ಮಗನೇ ಮಾಡಿದ, ಹದಿನೈದು ನಿಮಿಷದ ಕೆಲಸ. ನಾವು ಕಾಯಿ ಅಟ್ಟದ ಕೆಳಗೇ ಕಂಪ್ಯೂಟರ್ ಇಟ್ಟಿದ್ವಿ, ಒಳಗೆ ನೋಡಿದ್ರೆ ನಾರಿನ ಧೂಳು ಬೆರಳು ದಪ್ಪ. ಬ್ಲೋವರ್ ಹಿಡಿಯುವಾಗ ಫ್ಯಾನನ್ನ ಬೆರಳಲ್ಲಿ ಒತ್ತಿ ಹಿಡ್ಕೋಬೇಕು, ಗಾಳಿಗೆ ಗಿರ್ರನೆ ತಿರುಗಿಬಿಟ್ರೆ ಬೇರಿಂಗ್ ಹೋಗುತ್ತೆ. ಈಗ ಟೇಬಲ್ಲು ಮುಂದಿನ ಕೋಣೆಗೆ ಬಂದಿದೆ.

ಫಾರ್ಮಿಂಗ್ ಸಿಮ್ಯುಲೇಟರ್ 25 ಅಂತ ಒಂದು ಆಟ, ಸ್ವಿಟ್ಜರ್ಲೆಂಡಿನ ಕಂಪನಿಯದು. ಭತ್ತದ ಗದ್ದೆ ಇದೆ, ಎಮ್ಮೆ ಇದೆ, ಉತ್ತ ಕಡೆ ಟ್ರ್ಯಾಕ್ಟರಿನ ಚಕ್ರ ಹೂತು ಮಣ್ಣು ಒತ್ತಿಕೊಳ್ಳೋದೂ ಕಾಣುತ್ತೆ. ಹಗಲೆಲ್ಲ ತೋಟದಲ್ಲಿ ದುಡಿದು ರಾತ್ರಿ ಮತ್ತೆ ಅದನ್ನೇ ಆಡ್ತಾನಲ್ಲ ಅಂತ ನಮ್ಮವಳಿಗೆ ನಗು. ನಾನೂ ಒಂದಿನ ಪಕ್ಕ ಕೂತೆ. ಒಂದು ಬಟನ್ ಒತ್ತಿದ, ಆಳು ಬಂದು ಟ್ರ್ಯಾಕ್ಟರ್ ಹತ್ತಿದ. "ಇಷ್ಟೇನಾ?" ಅಂದೆ. "ಇಷ್ಟೇ ಅಪ್ಪ, ಕೂಲಿ ತಾನೇ ಕಟ್ಟಾಗುತ್ತೆ." ಪೀಣ್ಯದ ಹುಡುಗ ಅತ್ತ ಕಡೆಯಿಂದ, "ಅಂಕಲ್, ಭಾನುವಾರ ಬರ್ತೀವಿ, ಎಳನೀರು ಇಟ್ಟಿರಿ" ಅಂದ.

ಹಳೇ 1050 ಟಿಐ ಮನೇಲೇ ಇದೆ. ಬೇರೆ ವೈರು ಬೇಡ, ಸಾಧಾರಣ ಸಪ್ಲೈಯಲ್ಲೂ ಓಡುತ್ತೆ, ಹಳೇ ಆಫೀಸ್ ಕಂಪ್ಯೂಟರಿಗೆ ಹಾಕ್ಕೊಂಡು ಮಕ್ಕಳು ಕ್ರಿಕೆಟ್ಟು, ಕಾರಿನ ಆಟ ಆಡೋಕೆ ಆಗುತ್ತೆ. ಸಣ್ಣ ಕ್ಯಾಬಿನೆಟ್ ಆದ್ರೆ ಅಳತೆ ತಗೊಂಡು ಬನ್ನಿ. ಬೇಕಾದವರು ಕೆಳಗೆ ಬರೀರಿ, ಎದುರಿಗೆ ಹಾಕಿ ಓಡಿಸಿ ತೋರಿಸಿಯೇ ಕೊಡ್ತೀನಿ. ಶುಕ್ರವಾರ ಬೇಡ, ಅವತ್ತು ಕೆರೆ ಕಡೆ ಸಾಲಿಗೆ ಎರಡನೇ ಸಲ ಹುಳ ಬಿಡೋದಿದೆ.